ಅವ್ವನ ಹಣೆ

ಅಪ್ಪನ ಪುಣ್ಯತಿಥಿಯ ದಿನ ಊಟ ಮುಗಿಸಿ ಎಲ್ಲರೂ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಾಗ ಕಾಕಾನ ಮಗ ತನ್ನ ಫೋನು ತೆಗೆದ. ಕಾಕಾ ಅಂದರೆ ಅಪ್ಪನ ತಮ್ಮ. ಅವನ ಮಗನೂ ಈಗ ನಡುವಯಸ್ಸಿನವನೇ, ಆದರೆ ಕೈಗೆ ಫೋನು ಬಂದರೆ ತೊಟ್ಟಿಲ ಕೂಸು. ಅಪ್ಪನ ಹಳೆಯ ಫೋಟೊ ಒಂದು, ಅವ್ವನ ಈಗಿನ ಫೋಟೊ ಒಂದು, ಎರಡನ್ನೂ ಫೋನಿಗೆ ತಿನ್ನಿಸಿದ್ದ. ಅದು ಇಬ್ಬರನ್ನೂ ಜೋಡಿಯಾಗಿ ನಿಲ್ಲಿಸಿ, ಹಿಂದೆ ಒಂದು ಹೂತೋಟ ಇಟ್ಟು ಕೊಟ್ಟಿತ್ತು. ಅಪ್ಪ ನಲವತ್ತರ ಆಸುಪಾಸು, ಅವ್ವ ಎಪ್ಪತ್ತು ದಾಟಿದವಳು. ಗಂಡ ಹೆಂಡತಿ ಅನ್ನುವುದಕ್ಕಿಂತ ತಾಯಿ ಮಗ ಅನ್ನಬೇಕು, ಹಾಗಿದ್ದರು. ಅಪ್ಪನ ಕೈ ಅವ್ವನ ಹೆಗಲ ಮೇಲಿತ್ತು. ಆ ಕೈಗೆ ಮಣಿಕಟ್ಟೇ ಇರಲಿಲ್ಲ. ಬದುಕಿದ್ದಾಗ ಅಪ್ಪ ನಾಲ್ಕು ಜನರ ಎದುರು ಅವ್ವನ ಹೆಗಲು ಮುಟ್ಟಿದವರೂ ಅಲ್ಲ. "ಭಾಳ ಚಂದ ಬಂದೈತಿ" ಅಂತ ಎಲ್ಲರೂ ಕೈಯಿಂದ ಕೈಗೆ ದಾಟಿಸಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಮಂದಿ ನಮ್ಮವರು.

ಆ ಫೋನು ಇನ್ನೂ ಒಂದು ಕೆಲಸ ಮಾಡಿತ್ತು. ಸೀರೆ ಉಟ್ಟ ಹೆಂಗಸು, ಪಕ್ಕದಲ್ಲಿ ಗಂಡ, ಅಂದಮೇಲೆ ಕುಂಕುಮ ಇರಬೇಕು ಅಂತ ತನ್ನಷ್ಟಕ್ಕೆ ತಾನೇ ತೀರ್ಮಾನಿಸಿ ಅವ್ವನ ಹಣೆಗೆ ಕೆಂಪಗೆ ದುಂಡಗೆ ಇಟ್ಟಿತ್ತು. ಅದನ್ನು ಮೊದಲು ಕಂಡವರು ಸೋದರತ್ತೆ. ಅಪ್ಪನ ಅಕ್ಕ. ಎಂಬತ್ತು ದಾಟಿದರೂ ಇಂಥದ್ದಕ್ಕೆ ಅವರ ಕಣ್ಣು ಬಲು ಚುರುಕು. ಅಪ್ಪ ತೀರಿಕೊಂಡ ದಿನ ಅವ್ವನ ಹಣೆ ಒರೆಸಿದ್ದೂ ಅವರೇ.

"ಶಿವ ಶಿವಾ! ಗಂಡ ಸತ್ತಾಕಿಗೆ ಕುಂಕುಮ ಇಟ್ಟೀಯಲ್ಲೋ. ಮೊದಲ ಅಳಸು ಅದನ್ನ," ಅಂತ ಕೂಗಿದರು.

ಕಾಕಾನ ಮಗ ಬೆರಳಿನಿಂದ ಫೋನಿನ ಗಾಜು ಉಜ್ಜಿದ. ಕುಂಕುಮ ಹೋಯಿತು. ಅವ್ವ ಅವನ ಪಕ್ಕದಲ್ಲೇ ಕೂತಿದ್ದಳು. ಅಷ್ಟು ಹೊತ್ತೂ ಅವಳು ನೋಡುತ್ತಿದ್ದದ್ದು ಅಪ್ಪನನ್ನಲ್ಲ, ತನ್ನ ಹಣೆಯನ್ನು. ಉಜ್ಜಿದ ಮೇಲೆ ಎದ್ದು ಒಳಗೆ ಹೋದಳು. ಯಾರಿಗೂ ಅದು ಕಾಣಲಿಲ್ಲ, ಅವರೆಲ್ಲ ತೋಟದಲ್ಲಿ ಎಷ್ಟು ಬಣ್ಣದ ಹೂವಿದೆ ಅಂತ ನೋಡುತ್ತಿದ್ದರು.

ಅವರು ಹೋದ ಮೇಲೆ, ಸಂಜೆ, ಪಾತ್ರೆ ತೊಳೆಯುತ್ತ ನನ್ನ ಕಡೆ ತಿರುಗದೆಯೇ ಅವ್ವ ಹೇಳಿದಳು. "ನಂದೊಂದು ಚಿತ್ರ ಬರಿ ಯವ್ವಾ. ಮಾರಿ ಬರಿ. ಕುಂಕುಮ ಇಟ್ಟು ಬರಿ."

ನಾನು ಬದುಕಿನ ಉದ್ದಕ್ಕೂ ಎಲ್ಲರಿಗೂ ಕೊಟ್ಟ ಉತ್ತರವನ್ನೇ ಅವ್ವನಿಗೂ ಕೊಟ್ಟೆ. "ಇಲ್ಲದ್ದು ನಾ ಬರಿಯಂಗಿಲ್ಲ ಅವ್ವಾ. ನಿನಗ ಗೊತ್ತೈತಲ್ಲ."

"ಗೊತ್ತೈತಿ," ಅಂದಳು. ನಲ್ಲಿಯನ್ನು ಇನ್ನಷ್ಟು ಜೋರಾಗಿ ಬಿಟ್ಟುಕೊಂಡಳು.

ಹೆತ್ತ ತಾಯಿಗೆ ಹೀಗೆ ಅನ್ನುವುದು ಸೊಕ್ಕು ಅನಿಸಬಹುದು. ಸೊಕ್ಕೇ. ಆದರೆ ಪುಕ್ಕಟೆ ಬಂದ ಸೊಕ್ಕಲ್ಲ, ಸುಳ್ಳು ಬರೆಯುವವರ ಕೈಕೆಳಗೆ ವರ್ಷಗಟ್ಟಲೆ ಕೂತು ಗಳಿಸಿದ್ದು.

ನಾನು ಮೊದಲು ಚಿತ್ರ ಕಲಿಯಲು ಹೋದದ್ದು ಅಬಿಡ್ಸ್‌ನ ಗಲ್ಲಿಯೊಂದರ ಅಂಗಡಿಗೆ. ನಮ್ಮದು ಕಲಬುರಗಿ ಕಡೆಯಿಂದ ಅಜ್ಜನ ಕಾಲಕ್ಕೇ ಸರ್ಕಾರಿ ನೌಕರಿಗೆ ಬಂದು ಹೈದರಾಬಾದಿನಲ್ಲೇ ಬೇರುಬಿಟ್ಟ ಮನೆತನ. ಗುಮಾಸ್ತರಾಗಿದ್ದ ಅಪ್ಪನಿಗೆ ಚಿತ್ರ ಕಲಿಸುವ ಜಾಗ ಅಂದರೆ ಅದೊಂದೇ ಗೊತ್ತಿತ್ತು. ಸತ್ತವರ ಅಂಗೈಯಗಲದ ಫೋಟೊ ತಂದುಕೊಟ್ಟರೆ ಗೋಡೆಗೆ ತೂಗುಹಾಕಿ ಹಾರ ಹಾಕುವಷ್ಟು ದೊಡ್ಡದಾಗಿ ಬರೆದುಕೊಡುವ ಅಂಗಡಿ. ಫೋಟೊದ ಮೇಲೆ ಸಣ್ಣ ಚೌಕಗಳ ಗೆರೆ, ಹಾಳೆಯ ಮೇಲೆ ದೊಡ್ಡ ಚೌಕಗಳ ಗೆರೆ. ಈ ಚೌಕದಲ್ಲಿರುವುದನ್ನು ಆ ಚೌಕಕ್ಕೆ ಇಳಿಸುತ್ತ ಹೋಗುವುದು. ಮೂಗು ಬರೆಯುತ್ತಿದ್ದೇವೋ ಮೊಣಕೈ ಬರೆಯುತ್ತಿದ್ದೇವೋ ಗೊತ್ತಾಗುವ ಅಗತ್ಯವೇ ಇಲ್ಲ.

ಅಲ್ಲಿನ ಉಸ್ತಾದರು ಕೆಟ್ಟವರಲ್ಲ. ನನಗೆ ಪೆನ್ಸಿಲು ಚೂಪು ಮಾಡಲು ಕಲಿಸಿದವರು, ಮಧ್ಯಾಹ್ನ ಚಹಾ ಕೊಡಿಸಿದವರು. ಆದರೆ ಅವರ ಹತ್ತಿರ ಇದ್ದದ್ದು ಒಂದೇ ಕಿವಿ. ಯಾವಾಗಲೋ ಚೆನ್ನಾಗಿ ಬಂದ ಕಿವಿಯೊಂದನ್ನು ಕೈಗೆ ರೂಢಿ ಮಾಡಿಕೊಂಡು, ಆಮೇಲೆ ಎಲ್ಲರಿಗೂ ಅದನ್ನೇ ಅಂಟಿಸಿದರು. ಬಟ್ಟೆ ವ್ಯಾಪಾರದ ಸೇಠರಿಗೂ ಅದೇ, ಹೆಡ್‌ಮಾಸ್ತರರಿಗೂ ಅದೇ, ಬಾಣಂತಿಯಾಗಿ ತೀರಿಕೊಂಡ ಹುಡುಗಿಗೂ ಅದೇ. ಈಗಲೂ ಈ ಊರಿನ ಹಳೆಯ ಮನೆಗಳ ಪಡಸಾಲೆಗೆ ಹೋದರೆ ಹಾರದ ಸಂದಿಯಿಂದ ಆ ಕಿವಿ ನನಗೆ ಕಾಣುತ್ತದೆ. ನೆಂಟರು, ಬೀಗರು, ವೈರಿಗಳು, ಎಲ್ಲ ಒಂದೇ ಕಿವಿ ಹಂಚಿಕೊಂಡು ಸತ್ತಿದ್ದಾರೆ. ಮಕ್ಕಳಾದವರು ಯಾರೂ ಬಂದು ಇದು ನಮ್ಮ ಅಪ್ಪನ ಕಿವಿ ಅಲ್ಲ ಅನ್ನಲಿಲ್ಲ.

ಕಿವಿಯ ಮೇಲೆ ಬಣ್ಣ. "ಅಮ್ಮಾ ಕು ಜರಾ ಗೋರಾ ಕರೋ ಬೇಟೀ, ಘರ್‌ವಾಲೆ ಖುಷ್ ಹೋತೆ," ಅನ್ನುತ್ತಿದ್ದರು ಉಸ್ತಾದರು. ಮನೆಯವರ ಖುಷಿಗಾಗಿ ನಾನೂ ಎಷ್ಟೋ ಕಪ್ಪು ತಾಯಂದಿರನ್ನು ಬೆಳ್ಳಗೆ ಮಾಡಿದೆ. ಜೀವ ಇರುವಾಗ ಒಂದು ಗುಂಜಿ ಬಂಗಾರ ಕಾಣದವರ ಕೊರಳಿಗೆ ಮೂರೆಳೆ ಸರ ಹಾಕಿದೆ. ಚಿತ್ರ ತೆಗೆದುಕೊಂಡು ಹೋಗಲು ಬಂದ ಮಕ್ಕಳು ಆ ಸರ ನೋಡಿ ಕಣ್ಣೀರು ಹಾಕುತ್ತಿದ್ದರು. ಬದುಕಿದ್ದಾಗ ಹಾಕಿಸಬಹುದಿತ್ತಲ್ಲ ಅಂತ ಬಾಯಿಗೆ ಬಂದದ್ದನ್ನು ನುಂಗಿಕೊಳ್ಳುತ್ತಿದ್ದೆ. ಹೇಸಿಗೆ ಅನಿಸುತ್ತಿತ್ತು.

ಕಲಾ ಕಾಲೇಜಿಗೆ ಹೋದ ಮೇಲೆ ಇದೆಲ್ಲ ಮುಗಿಯಿತು ಅಂದುಕೊಂಡೆ. ಅಲ್ಲಿ ಸುಳ್ಳಿಗೆ ಬರೀ ಹೆಸರು ಬೇರೆ ಇತ್ತು. ಮನುಷ್ಯಾಕೃತಿ ಕಲಿಸುತ್ತಿದ್ದ ಗುರುಗಳು ಪಾದ ಬರೆಯಲಾರದವರು. ಇದು ನನ್ನ ಚಾಡಿ ಅಲ್ಲ, ಅವರ ಚಿತ್ರಗಳೇ ಹೇಳುತ್ತಿದ್ದವು. ಅವರ ಹೆಂಗಸರೆಲ್ಲ ಹುಲ್ಲಿನಲ್ಲಿ ನಿಂತಿರುತ್ತಿದ್ದರು, ಗಂಡಸರು ನೀರಿನಲ್ಲಿ. ಹುಲ್ಲಿಗೂ ನೀರಿಗೂ ದಾರಿ ಇಲ್ಲದಿದ್ದರೆ ಮಂಜು. ಕೈಗಳೂ ಅಷ್ಟೇ, ಬೆನ್ನ ಹಿಂದೆ, ಸೆರಗಿನ ಒಳಗೆ, ಕೊಡದ ಆಚೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವರು ನೆಲವನ್ನೇ ಮುಚ್ಚಿಬಿಟ್ಟಿದ್ದರು. ಅದಕ್ಕೆ ಅವರು ಶೈಲಿ ಅನ್ನುತ್ತಿದ್ದರು. ನನ್ನ ಜೊತೆಯವರು ಅದನ್ನು ಬಾಯಿ ತೆರೆದುಕೊಂಡು ಕೇಳಿ, ಮಾರನೆಯ ದಿನದಿಂದ ತಾವೂ ಹುಲ್ಲು ಬೆಳೆದರು.

ಆ ಗುರುಗಳ ಲೆಕ್ಕದಲ್ಲಿ ಮನುಷ್ಯ ಅಂದರೆ ಎಂಟು ತಲೆ ಉದ್ದ. ತಲೆಯ ಅಳತೆಯನ್ನು ಒಂದರ ಕೆಳಗೊಂದು ಎಂಟು ಸಲ ಇಟ್ಟರೆ ಮೈ ಮುಗಿಯಬೇಕು. ನಮ್ಮ ತರಗತಿಗೆ ಮಾದರಿಯಾಗಿ ನಿಲ್ಲಲು ಬರುತ್ತಿದ್ದವಳು ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದಿದ್ದ ಹೆಂಗಸು. ಇಟ್ಟಿಗೆ ಹೊತ್ತು ಹೊತ್ತು ಕೊರಳು ಗಿಡ್ಡವಾಗಿ, ಹೆಗಲು ಕಿವಿಯ ಹತ್ತಿರ ಬಂದುಬಿಟ್ಟಿತ್ತು. ಎಷ್ಟು ಎಳೆದರೂ ಆಕೆ ಆರೂವರೆ ತಲೆ ದಾಟುತ್ತಿರಲಿಲ್ಲ. ನಾನು ಆರೂವರೆಯೇ ಬರೆದೆ. ಗುರುಗಳು ಬಂದು ನನ್ನ ಹಾಳೆಯ ಮೇಲೆಯೇ ಆಕೆಯ ಕಾಲು ಉದ್ದ ಮಾಡಿ, ಕೊರಳು ಎತ್ತಿ, ಸೊಂಟಕ್ಕೊಂದು ಕೊಡ ಇಟ್ಟು ಹೋದರು. ಕೊಡ ಯಾಕೆ ಅಂತ ಕೇಳಿದೆ. ಗ್ರಾಮೀಣ ಸೊಗಡು ಅಂದರು. ಆ ಹೆಂಗಸು ಇದ್ದದ್ದು ನಮ್ಮ ಕಾಲೇಜಿನ ಹಿಂದೆ, ಏಳುತ್ತಿದ್ದ ಕಟ್ಟಡದ ನೆಲಮಾಳಿಗೆಯಲ್ಲಿ. ನೀರು ತರುತ್ತಿದ್ದದ್ದು ಬಣ್ಣದ ಡಬ್ಬಿಯಲ್ಲಿ.

ಇದರ ಕೊನೆಯೂ ಕೇಳಿ. ಬಿಡುವಿನಲ್ಲಿ ಆಕೆಯನ್ನು ಕನ್ನಡದಲ್ಲಿ ಮಾತಾಡಿಸಿ, ಬೇರೆ ಹಾಳೆಯಲ್ಲಿ ಮತ್ತೆ ಬರೆದದ್ದನ್ನು ಹೆಮ್ಮೆಯಿಂದ ತೋರಿಸಿದೆ. ಆಕೆ ಎರಡನ್ನೂ ನೋಡಿ, "ಆ ಸರ್ ಮಾಡಿದ್ದ ಚಂದ ಐತ್ರಿ. ನೀವು ನನ್ನ ಮುದುಕಿ ಮಾಡೀರಿ," ಅಂದಳು. ಸುಳ್ಳು ಹೇಳುವವರಿಗೆ ಬರ ಇಲ್ಲ ಅಂತ ಗೊತ್ತಿತ್ತು, ಕೇಳುವವರಿಗೂ ಇಲ್ಲ ಅಂತ ಅವತ್ತು ತಿಳಿಯಿತು.

ಹಾಗಾದರೆ ನಾನು ಕಲಿತದ್ದು ಯಾರಿಂದ? ಕೋಠಿಯ ಹಳೆಪುಸ್ತಕದ ಅಂಗಡಿಯಲ್ಲಿ ಸಿಕ್ಕ, ರಟ್ಟು ಕಿತ್ತುಹೋದ ಒಂದು ಶರೀರಶಾಸ್ತ್ರದ ಪುಸ್ತಕದಿಂದ. ಡಾಕ್ಟರಿಕೆ ಓದುವ ಯಾರೋ ಮಾರಿಹೋದದ್ದು. ಅದರೊಳಗೆ ಪಾದದ ಎಲುಬುಗಳಿದ್ದವು, ಒಂದೂ ಬಿಡದೆ. ಮಂಜು ಇರಲಿಲ್ಲ. ಅದರ ಚಿತ್ರಗಳನ್ನು ಬರೆದವನು ಯಾರ ಮನೆಯವರನ್ನೂ ಖುಷಿಪಡಿಸಲು ಕೂತವನಲ್ಲ. ಆ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕೋಠಿಯ ಬಸ್ಸು ನಿಲ್ದಾಣದಲ್ಲಿ ಕೂತುಬಿಡುತ್ತಿದ್ದೆ. ಬಸ್ಸಿಗೆ ಕಾಯುವವರು ಎರಡೂ ಕಾಲ ಮೇಲೆ ಸಮನಾಗಿ ನಿಲ್ಲುವುದಿಲ್ಲ. ಭಾರ ಒಂದು ಕಾಲಿಗೆ ಬೀಳುತ್ತದೆ, ಆ ಕಡೆಯ ಸೊಂಟ ಮೇಲೇರುತ್ತದೆ, ಅದೇ ಕಡೆಯ ಹೆಗಲು ಕೆಳಗಿಳಿಯುತ್ತದೆ. ಗಂಟಲ ಕುಳಿಯಿಂದ ಒಂದು ದಾರ ಇಳಿಬಿಟ್ಟರೆ ಅದು ಭಾರ ಹೊತ್ತ ಪಾದದ ಹತ್ತಿರವೇ ಬಂದು ಬೀಳುತ್ತದೆ. ಇಷ್ಟು ಸಿಕ್ಕಿದರೆ ಮನುಷ್ಯ ಹಾಳೆಯ ಮೇಲೆ ನಿಲ್ಲುತ್ತಾನೆ. ಇಷ್ಟು ಸಿಗದಿದ್ದರೆ ಕಣ್ಣಿಗೆ ಎಷ್ಟು ರೆಪ್ಪೆ ಬರೆದರೂ ಅವನು ಗಾಳಿಯಲ್ಲಿ ತೇಲುವ ಅಂಗಿ.

ನನ್ನ ಪದ್ಧತಿ ಈಗಲೂ ಅದೇ. ದಾರಕ್ಕೆ ಒಂದು ಕೀಲಿಕೈ ಕಟ್ಟಿ ಹಿಡಿಯುತ್ತೇನೆ, ನೇರ ಯಾವುದು ಅಂತ ಅದು ಹೇಳುತ್ತದೆ. ಕೈ ಚಾಚಿ ಪೆನ್ಸಿಲಿನಿಂದ ಅಳೆಯುತ್ತೇನೆ. ಮೊದಲು ಪಾದ, ಆಮೇಲೆ ಸೊಂಟ, ಆಮೇಲೆ ತಲೆ. ಮುಖ ಕೊನೆಗೆ. ಹಿಮಾಯತ್‌ನಗರದ ನಮ್ಮ ಮನೆಯ ಮಾಳಿಗೆಯಲ್ಲಿ ಕಲಿಯಲು ಬರುವವರಿಗೆ ಇದು ಹಿಡಿಸುವುದಿಲ್ಲ. ಅವರಿಗೆ ಮೊದಲ ದಿನವೇ ಕಣ್ಣು ಬರೆಯಬೇಕು. ಫೋನಿನ ಬೆಳಕಿನ ಮೇಲೆ ಕಾಗದ ಇಟ್ಟು ಗೆರೆ ಎಳೆದುಕೊಂಡು ಬಂದು, ನಾನೇ ಬರೆದದ್ದು ಮೇಡಂ ಅನ್ನುತ್ತಾರೆ. ಇಲಿ ಬೋನಿಗೆ ಬೀಳುವಷ್ಟು ಸುಲಭವಾಗಿ ಸಿಕ್ಕಿಬೀಳುತ್ತಾರೆ, ಯಾಕೆಂದರೆ ಗೆರೆ ಎಲ್ಲ ಕಡೆ ಒಂದೇ ದಪ್ಪ. ಬಾಗಿಲು ಆ ಕಡೆ ಇದೆ ಅನ್ನುತ್ತೇನೆ.

ನನಗೆ ಬಹಳ ವರ್ಷ ಒದಗಿದ ಮಾದರಿ ಅಂದರೆ ಅವ್ವ. ಅವಳಿಗೆ ಗೊತ್ತಿಲ್ಲದೆ ಏನಲ್ಲ. ರೊಟ್ಟಿ ಬಡಿಯುವಾಗ ನಾನು ಹಿಂದೆ ಕೂತು ಬರೆಯುತ್ತಿದ್ದೆ. ಅಂಗೈ ಹಿಟ್ಟಿಗೆ ಬಡಿದಾಗ ಭುಜದ ಎಲುಬು ಸೀರೆಯ ಕೆಳಗೆ ಹೇಗೆ ಜಾರುತ್ತದೆ ಅನ್ನುವುದು ನನಗೆ ಯಾವ ಗುರುವಿಗಿಂತ ಚೆನ್ನಾಗಿ ಗೊತ್ತು. ಅವ್ವನ ಬೆನ್ನಿನ ಚಿತ್ರಗಳು ಕಟ್ಟುಗಟ್ಟಲೆ ಇವೆ. ಮುಖದ್ದು ಒಂದೂ ಇಲ್ಲ. ಈ ಕಡೆ ತಿರುಗು ಅಂದಾಗಲೆಲ್ಲ, "ನನ್ನ ಮಾರಿ ಏನ್ ಬರೀತಿ ಬಿಡು," ಅನ್ನುತ್ತಿದ್ದಳು. ಅಪ್ಪ ಹೋದ ಮೇಲೆ ಅಂದದ್ದು ಅದು, ಅದಕ್ಕೂ ಮುಂಚೆ ಹಾಗೆ ಅಂದ ನೆನಪಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ ತಾನಾಗಿಯೇ ಮುಖ ಬರಿ ಅಂತ ಕೇಳಿದ್ದಳು, ನಾನು ಅವಳ ಬಾಯಿ ಮುಚ್ಚಿಸಿದ್ದೆ.

ಅವತ್ತಿನಿಂದ ಅವ್ವ ಮಾತು ಕಡಿಮೆ ಮಾಡಿದಳು. ಊಟಕ್ಕೆ ಬಾ, ಗ್ಯಾಸ್ ಮುಗಿದೈತಿ, ಅಷ್ಟೇ. ರೊಟ್ಟಿ ಬಡಿಯುವಾಗ ನಾನು ಹಾಳೆ ಹಿಡಿದು ಕೂತರೆ ಎದ್ದು ಹೋಗುವಳು. ನನಗೆ ಸಿಟ್ಟು ಬಂತು. ಅವ್ವನ ಮೇಲಲ್ಲ. ಒಂದು ಬೊಟ್ಟು ಕುಂಕುಮಕ್ಕೆ ಎಪ್ಪತ್ತು ದಾಟಿದ ಹೆಂಗಸು ಕಾಗದದ ಮೊರೆ ಹೋಗುವ ಹಾಗೆ ಮಾಡಿದ ಈ ನೆಂಟರ ಹಿಂಡಿನ ಮೇಲೆ. ಹಬ್ಬಕ್ಕೆ ಬಂದ ಹೆಂಗಸರಿಗೆಲ್ಲ ಅವ್ವನೇ ಬಟ್ಟಲು ಮುಂದೆ ಹಿಡಿಯಬೇಕು, ಅವಳಿಗೆ ಯಾರೂ ಹಚ್ಚುವ ಹಾಗಿಲ್ಲ. ವಿಭೂತಿ ಆಗಬಹುದಂತೆ, ಕುಂಕುಮ ಆಗದಂತೆ. ಇದನ್ನು ಹೇಳುವವರೇ ಶರಣರ ವಚನ ಬಾಯಿಪಾಠ ಒಪ್ಪಿಸುವುದು.

ಒಂದು ಬೆಳಿಗ್ಗೆ ಕಿಟಕಿಯ ಹತ್ತಿರ ಕುರ್ಚಿ ಹಾಕಿ, ಹಲಗೆಗೆ ಹಾಳೆ ಸಿಕ್ಕಿಸಿ ಅವ್ವನನ್ನು ಕರೆದೆ. "ಬಾ ಅವ್ವಾ, ಮಾರಿ ಬರೀತೀನಿ."

"ಕುಂಕುಮ?"

"ನೀ ಇಟ್ಕೊಂಡು ಕೂಡು. ಇದ್ದರ ಬರೀತೀನಿ."

ಅವ್ವ ನನ್ನನ್ನು ನೋಡಿದ ರೀತಿ ಮರೆಯುವ ಹಾಗಿಲ್ಲ. "ನಿನ್ನ ಪೆನ್ಸಿಲಿಗೆ ಧೈರ್ಯ ಇಲ್ಲಂತ ನನ್ನ ಹಣಿಗೆ ಹಚ್ಕೋ ಅಂತೀಯೇನು?"

ನಾನು ಪೆನ್ಸಿಲು ಕೆಳಗಿಟ್ಟೆ. ಆಮೇಲೆ ಹೇಳಿದೆ. "ನಾ ಹಾಳಿ ಮ್ಯಾಲ ಇಟ್ಟರ ಅದು ಆ ಫೋನಿನ ಕುಂಕುಮ ಇದ್ದಂಗ ಅವ್ವಾ. ಒಬ್ಬಾಕಿ ಬಂದು ಅಳಸು ಅಂದರ, ಅದು ಇತ್ತು ಅಂತ ನಾ ಹೆಂಗ ಹೇಳಲಿ? ನೀ ಇಟ್ಟದ್ದು ನಾ ನೋಡಿದ್ದರ ಹೇಳ್ತೀನಿ."

ಅವ್ವ ಅಡುಗೆಮನೆಗೆ ಹೋದಳು. ಖಾಲಿ ಕುರ್ಚಿಯ ಎದುರು ನಾನು ಬಹಳ ಹೊತ್ತು ಕೂತಿದ್ದೆ. ಎದ್ದು ಹಾಳೆ ಬಿಚ್ಚಬೇಕು ಅನ್ನುವಾಗ ಬಂದಳು. ಕೈಯಲ್ಲಿ ದೇವರ ಜಗಲಿಯ ಬಟ್ಟಲಿತ್ತು. ಕುರ್ಚಿಯಲ್ಲಿ ಕೂತು, ಬಾಗಿಲ ಕಡೆ ಒಮ್ಮೆ ನೋಡಿ, ಉಂಗುರದ ಬೆರಳನ್ನು ಅದ್ದಿ ಹಣೆಗೆ ಒತ್ತಿದಳು. ಕನ್ನಡಿ ಬೇಡ ಅಂದಳು. ಮದುವೆಯಾದ ದಿನದಿಂದ ಕಣ್ಣು ಮುಚ್ಚಿ ಇಟ್ಟುಕೊಳ್ಳುತ್ತಿದ್ದ ಕೈ ಈಗ ಜಾಗ ಮರೆತಿತ್ತು. ಕುಂಕುಮ ನಡುಹಣೆಗೆ ಬೀಳದೆ ಎಡಹುಬ್ಬಿನ ಕಡೆ ಸರಿದು ಕೂತಿತು.

"ಆತೇನು?" ಅಂದಳು.

"ಆತು," ಅಂದೆ.

ಅಷ್ಟು ವರ್ಷ ಅಷ್ಟು ಮಂದಿಯ ಮೈ ಅಳೆದವಳಿಗೆ ಹೆತ್ತವಳ ಮುಖದ ಎದುರು ಭಯವಾಯಿತು. ಕೀಲಿಕೈ ಕಟ್ಟಿದ ದಾರ ಎತ್ತಿ ಹಿಡಿದೆ. ಮೂಗಿನ ನಡುಗೆರೆಯಿಂದ ಕುಂಕುಮ ಎಷ್ಟು ಸರಿದಿದೆ ಅಂತ ಅಳೆದು ಅಲ್ಲೇ ಗುರುತು ಹಾಕಿದೆ. ಕೆನ್ನೆ ಒಳಗೆ ಹೋದದ್ದು, ಕೆಳತುಟಿ ಒಂದು ಕಡೆ ಜೋತದ್ದು, ಕಿವಿಯ ತೂತು ಹರಿದು ಉದ್ದವಾದದ್ದು, ಎಲ್ಲವನ್ನೂ ಬರೆದೆ. ಉಸ್ತಾದರು ಕಂಡಿದ್ದರೆ ಅಂಗಡಿ ಮುಚ್ಚಿಕೊಂಡು ಹೋಗುತ್ತಿದ್ದರು. ಬೆಳಕು ಸರಿದಾಗ ಸಾಕು ಅಂದೆ. ಅವ್ವ ಏಳುವ ಮೊದಲು ಸೆರಗಿನಿಂದ ಹಣೆ ಒರೆಸಿಕೊಂಡಳು, ಗಟ್ಟಿಯಾಗಿ, ಚರ್ಮ ಕೆಂಪಾಗುವ ಹಾಗೆ. ನಾನು ಆ ಕಡೆ ನೋಡಲಾರದೆ ಪೆನ್ಸಿಲು ಕೆತ್ತುತ್ತ ಕೂತೆ.

ಹೀಗೆಯೇ ಹಲವು ಬೆಳಗು ನಡೆಯಿತು. ಬಂದು ಕೂರುವುದು, ಇಟ್ಟುಕೊಳ್ಳುವುದು, ಏಳುವಾಗ ಒರೆಸಿಕೊಳ್ಳುವುದು. ಪ್ರತಿ ಸಲವೂ ಕುಂಕುಮ ಅದೇ ಜಾಗಕ್ಕೆ, ಅಷ್ಟೇ ಎಡಕ್ಕೆ ಬೀಳುತ್ತಿತ್ತು. ಚಿತ್ರ ಮುಗಿದ ದಿನ ಅವ್ವ ಹತ್ತಿರ ಬಂದು ನೋಡಿದಳು. ಚಂದ ಐತಿ ಅನ್ನಲಿಲ್ಲ. "ಭಾಳ ವಯಸ್ಸಾಗೇತಿ ನನಗ," ಅಂದಳು. ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕು ಅಂದಳು. ಅಪ್ಪನ ಫೋಟೊದ ಎದುರು ಗೋಡೆಗೆ ಹಾಕಿದೆ.

ಸುದ್ದಿ ಹೋಗಲು ಎಷ್ಟು ಹೊತ್ತು? ಒಂದು ಮಧ್ಯಾಹ್ನ ಕಾಕಾ ಮತ್ತು ಸೋದರತ್ತೆ ಆಟೋದಲ್ಲಿ ಬಂದಿಳಿದರು. ಅವ್ವ ಅವರ ದನಿ ಕೇಳಿದ್ದೇ ಚಹಾ ಮಾಡುತ್ತೇನೆ ಅಂತ ಒಳಗೆ ಹೋದಳು. ಅತ್ತೆ ಕೋಲು ಊರಿಕೊಂಡು ಚಿತ್ರದ ಮುಂದೆ ನಿಂತರು. ಮೂಗು ಗಾಜಿಗೆ ತಾಗುವಷ್ಟು ಹತ್ತಿರ. ನಾನು ಸಿಡಿಲಿಗೆ ಸಿದ್ಧವಾಗಿ ನಿಂತೆ.

"ಒಂದನೇದು, ಇದು ಇಲ್ಲಿ ಇರಬಾರದು," ಅಂದರು ಅತ್ತೆ. "ಎರಡನೇದು, ಸೊಟ್ಟ ಐತಿ. ಇಷ್ಟು ವರ್ಷ ಕಲತು ಏನ್ ಬಂತು ನಿನಗ? ಕುಂಕುಮ ನಡುವ ಇಡಾಕ ಬರಂಗಿಲ್ಲೇನು?"

ನಗು ಬಂತು. ಧರ್ಮ ಕೆಟ್ಟದ್ದಕ್ಕಿಂತ ಸೊಟ್ಟ ಆದದ್ದು ಅವರಿಗೆ ಹೆಚ್ಚು ಚುಚ್ಚಿತ್ತು. ಕಾಕಾನಿಗೆ ಎರಡೂ ಬೇಡ, ಜಗಳ ಮುಗಿದರೆ ಸಾಕು. ಅವನು ಎಲ್ಲ ಬಲ್ಲವನ ಹಾಗೆ ಕೈ ಆಡಿಸಿ, "ಪೆನ್ಸಿಲಿಂದ ಐತಲ್ಲ, ಗಾಜು ತಗದು ರಬ್ಬರ್ ಹಚ್ಚು. ಅಳಸಿಬಿಟ್ಟರ ಮುಗೀತು. ಅದಕ್ಕ್ಯಾಕ ಇಷ್ಟು ರಗಳಿ?" ಅಂದ. ಕುರ್ಚಿ ಎಳೆದುಕೊಂಡು ಮೇಲಿನ ಮೊಳೆಯಿಂದ ಚಿತ್ರ ಇಳಿಸಲು ಹತ್ತಿಯೂ ಬಿಟ್ಟ.

"ಅದಕ್ಕ ಕೈ ಹಚ್ಚಬ್ಯಾಡ ಕಾಕಾ," ಅಂತ ನಾನು ಅಡ್ಡ ಹೋಗುವಷ್ಟರಲ್ಲಿ ಅವ್ವ ಚಹಾದ ತಟ್ಟೆ ಹಿಡಿದು ಅಡುಗೆಮನೆಯಿಂದ ಹೊರಗೆ ಬಂದಳು. ಹಣೆಯ ಮೇಲೆ ಕುಂಕುಮ ಇತ್ತು. ಆಗತಾನೇ ಇಟ್ಟದ್ದು, ಎಡಹುಬ್ಬಿನ ಕಡೆ ಸರಿದು, ಸೊಟ್ಟಗೆ.

ಅತ್ತೆ ಗೋಡೆ ನೋಡಿದರು, ಅವ್ವನನ್ನು ನೋಡಿದರು, ಮತ್ತೆ ಗೋಡೆ ನೋಡಿದರು. ಕಾಕಾ ಕುರ್ಚಿಯ ಮೇಲಿಂದ ಇಳಿಯಬೇಕೋ ಬೇಡವೋ ತಿಳಿಯದೆ ನಿಂತಿದ್ದ. ಅವ್ವ ಮೊದಲು ಅತ್ತೆಯ ಮುಂದೆ ತಟ್ಟೆ ಹಿಡಿದಳು. ತಲೆ ತಗ್ಗಿಸಲಿಲ್ಲ.

"ಹೆಂಗ ಐತಿ ಹಂಗ ಬರದಾಳ ಅಕ್ಕಾರ," ಅಂದಳು. "ಚಹಾ ತಗೋರಿ."